ಕಾವಲು ಪೆಟ್ಟಿಗೆಯ ನೆನಪು ಕೆಟ್ಟಾಗ

ವರದಾ ನದಿಯು ಹುಟ್ಟುವ ವರದಮೂಲವು ಸಾಗರ ಪಟ್ಟಣಕ್ಕೆ ಸಮೀಪದ ಊರು. ಅಡಿಕೆಯ ಸೀಮೆಯಿದು. ಕೊಯ್ಲಿನ ದಿನಗಳಲ್ಲಿ ವರ್ಷದ ದುಡಿಮೆಯೆಲ್ಲವೂ ಅಂಗಳದಲ್ಲಿ ಬಿಸಿಲಿಗೆ ಹರವಿಕೊಂಡಿರುತ್ತದೆ. ಅದನ್ನು ಕಾಯಲು ಹಿಂದೆ ನಾಯಿಯೂ ನಿದ್ದೆಗೆಟ್ಟ ಮನುಷ್ಯನೂ ಇದ್ದರು. ಈಗ ಅವರ ಜತೆಗೆ ಸೂರಿನಂಚಿನ ಕ್ಯಾಮೆರಾವೂ ಸೇರಿಕೊಂಡಿದೆ.

ಕ್ಯಾಮೆರಾ ಕಂಡುದನ್ನು ನೆನಪಿಡುವುದು ಒಳಕೋಣೆಯ ಚಪ್ಪಟೆ ಪೆಟ್ಟಿಗೆ, ಅದಕ್ಕೆ ಡಿ.ವಿ.ಆರ್. ಎನ್ನುತ್ತಾರೆ. ಇದರಲ್ಲೊಂದು ಮೋಸವುಂಟು. ಒಳಗಿನ ಹಾರ್ಡ್ ಡಿಸ್ಕು ಕೆಟ್ಟರೂ ಪರದೆಯ ಮೇಲೆ ಅಂಗಳದ ಚಿತ್ರವು ಎಂದಿನಂತೆ ಕಾಣುತ್ತಲೇ ಇರಬಹುದು. ಆ ಚಿತ್ರಕ್ಕೆ ಡಿಸ್ಕಿನ ಹಂಗಿಲ್ಲ. ಕಳವಾದ ಮರುದಿನ ಹಿಂದಿನ ರಾತ್ರಿಯನ್ನು ಹುಡುಕಿದಾಗಲಷ್ಟೇ ಏನೂ ದಾಖಲಾಗಿಲ್ಲವೆಂದು ತಿಳಿಯುತ್ತದೆ. ಪೆಟ್ಟಿಗೆಯು ಕೀಚೆಂದು ಎಚ್ಚರಿಸೀತು. ಕಿರಿಕಿರಿಯೆಂದು ಆ ಸದ್ದನ್ನೇ ಅಡಗಿಸುವವರೂ ಇದ್ದಾರೆ!

ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದಿ ಬರೆಯುವ ಮೊನೆಯು ತಟ್ಟೆಯನ್ನು ಮುಟ್ಟುವುದಿಲ್ಲ; ತಿರುಗುವ ತಟ್ಟೆಯೇ ಎಬ್ಬಿಸಿದ ಗಾಳಿಯ ಹಾಸಿನ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವು ಇದರ ಸಾವಿರಾರು ಪಟ್ಟು. ಅಲ್ಲಿ ಧೂಳಿನ ಕಣವೊಂದು ಬಂಡೆಗೆ ಸಮಾನ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕಿನಲ್ಲಿ 50 ದೊಡ್ಡ ತಟ್ಟೆಗಳಿದ್ದು, ಅವು 50 ಲಕ್ಷ ಅಕ್ಷರಗಳನ್ನಷ್ಟೇ ಹಿಡಿದಿಡುತ್ತಿದ್ದವು.

ವಿದ್ಯುತ್ತು ಹಠಾತ್ತನೆ ಹೋದರೆ? ಮಲೆನಾಡಿನ ಮಳೆಗಾಲದಲ್ಲಿ ಇದು ಬರಿಯ ಕಲ್ಪನೆಯಲ್ಲ. ತಟ್ಟೆಗಳು ಒಡನೆ ನಿಲ್ಲಲಾರವಷ್ಟೆ. ಆ ಕ್ಷಣದಲ್ಲಿ ಮೋಟಾರು ಡೈನಮೋ ಆಗಿ, ತಾನು ಹುಟ್ಟಿಸಿದ ವಿದ್ಯುತ್ತಿನಿಂದಲೇ ಮೊನೆಗಳನ್ನು ಸುರಕ್ಷಿತವಾದ ತಂಗುದಾಣಕ್ಕೆ ಸರಿಸುತ್ತದೆ. ಎಂಥ ಜಾಣ್ಮೆ! ಆದರೂ ಸೆಕೆ, ವಿದ್ಯುತ್ತಿನ ಏರಿಳಿತ, ಹಗಲಿರುಳೂ ಬಿಡುವಿಲ್ಲದ ಬರೆವಣಿಗೆಗಳಿಂದ ಡಿಸ್ಕು ಸವೆಯದಿರದು.

ಡಿಸ್ಕನ್ನು ದೂರುವ ಮೊದಲು ಅಡಾಪ್ಟರನ್ನು ಪರೀಕ್ಷಿಸಬೇಕು. ನಿಂತ ತಟ್ಟೆಯನ್ನು ವೇಗಕ್ಕೆ ತರುವಾಗ ಡಿಸ್ಕು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಕೇಳಬಹುದು; ಮುಪ್ಪಾದ ಅಡಾಪ್ಟರು ಅಷ್ಟನ್ನು ಕೊಡಲಾರದು. ಆಗ ಒಳ್ಳೆಯ ಡಿಸ್ಕೂ ಸತ್ತಂತೆ ತೋರುತ್ತದೆ. ಅಡಾಪ್ಟರು ಸರಿಯಿದ್ದೂ ಒಳಗಿನಿಂದ ಟಿಕ್ ಟಿಕ್ ಸದ್ದು ಮರುಕಳಿಸುತ್ತಿದ್ದರೆ ಡಿಸ್ಕಿನ ಕಾಲ ಮುಗಿದಿದೆಯೆಂದೇ ತಿಳಿಯಬಹುದು.

ಬದಲಾಯಿಸುವ ಕೆಲಸ ಕಠಿಣವಲ್ಲ. ಅಡಾಪ್ಟರನ್ನೂ ಕ್ಯಾಮೆರಾದ ತಂತಿಗಳನ್ನೂ ಕಳಚಿರಿ. ಸಿಡಿಲಿನ ಆಘಾತವು ಆ ತಂತಿಗಳ ಮೂಲಕವೂ ಬರುವುದರಿಂದ ಗುಡುಗುವಾಗ ಈ ಕೆಲಸಕ್ಕೆ ಕೈಹಾಕಬಾರದು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ಬಳಿಕ ತಿರುಪುಗಳನ್ನು ಬಿಚ್ಚಿ, ಎರಡು ಸಾಟಾ ತಂತಿಗಳನ್ನು ತೆಗೆದು, ಹೊಸ ಡಿಸ್ಕಿಗೆ ಸಿಕ್ಕಿಸಿರಿ. ಬಿಡುವಿಲ್ಲದೆ ಬರೆಯಲೆಂದೇ ಮಾಡಿದ ಕಾವಲು ಡಿಸ್ಕು ಮೇಲು.

ಎಷ್ಟು ದೊಡ್ಡದು ಬೇಕು? ಒಂದು ಕ್ಯಾಮೆರಾ ಸೆಕೆಂಡಿಗೆ 20 ಲಕ್ಷ ಬಿಟ್ ಕಳುಹಿದರೆ ದಿನಕ್ಕೆ 21.6 ಗಿಗಾಬೈಟ್, ನಾಲ್ಕಕ್ಕೆ 86.4. ಒಂದು ಟೆರಾಬೈಟಿನ ಡಿಸ್ಕು ಸುಮಾರು ಹನ್ನೊಂದೂವರೆ ದಿನಗಳಲ್ಲಿ ತುಂಬಿ, ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ.

ಹೊಸ ಡಿಸ್ಕನ್ನು ಪೆಟ್ಟಿಗೆಯ ಪಟ್ಟಿಯಿಂದಲೇ ಫಾರ್ಮ್ಯಾಟ್ ಮಾಡಿ, ಗಡಿಯಾರವನ್ನು ಸರಿಪಡಿಸಿರಿ. ವೇಳೆ ತಪ್ಪಿದ ಚಿತ್ರವು ಸಾಕ್ಷಿಯಾಗಿ ದುರ್ಬಲ. ಹತ್ತು ನಿಮಿಷ ಕಳೆದ ಮೇಲೆ ದಾಖಲಾದುದನ್ನು ಮರಳಿ ನೋಡಿರಿ. ಹಳೆಯ ಡಿಸ್ಕಿನಲ್ಲಿ ಬೇಕಾದ ಚಿತ್ರವಿದ್ದರೆ ಅದನ್ನು ಫಾರ್ಮ್ಯಾಟ್ ಮಾಡದೆ, ಮುಚ್ಚಳವನ್ನೂ ತೆರೆಯದೆ, ಬಲ್ಲವರ ಕೈಗೆ ಕೊಡಿರಿ. ಬೇಡವಾದರೂ ಗುಜರಿಗೆ ಹಾಗೆಯೇ ಎಸೆಯುವುದು ಸಲ್ಲದು. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿ ಇನ್ನೂ ಉಳಿದಿರಬಹುದು.