ಕೊಳೆರೋಗ ಎಂದರೆ ಯಾವ ಕೊಳೆರೋಗ?
ಗೂಗಲಿನಲ್ಲಿ ಹುಡುಕುವ ಬೆಳೆಗಾರರಿಗೆ ನಾಲ್ಕು ಮಾತು



ಆಷಾಢದ ಮಳೆ ಹಿಡಿದಿತ್ತು. ಸಂಘದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ ನಾವು, ಕೊಡಿಗೇಹಳ್ಳಿಯಲ್ಲಿ ಸದಸ್ಯರೊಬ್ಬರ ಮಗನ ಮನೆಯಲ್ಲಿ ಇಳಿದುಕೊಂಡಿದ್ದೆವು. ಆ ಸದಸ್ಯರೂ ಜೊತೆಗಿದ್ದರು. ಸಂಜೆ ಊರಿನಿಂದ ಅವರ ಮನೆಯವರ ಫೋನು ಬಂತು: “ತೋಟದಲ್ಲಿ ಕೊಳೆ ಶುರುವಾಗಿದೆ ಕಣ್ರೀ, ಏನು ಹೊಡೆಸಲಿ?” ಮಗ ಕೂಡಲೇ ಮೊಬೈಲ್ ತೆಗೆದು ಗೂಗಲಿನಲ್ಲಿ ‘ಕೊಳೆರೋಗಕ್ಕೆ ಔಷಧಿ’ ಎಂದು ಬರೆದ. ಉತ್ತರಗಳು ಸಾಲುಗಟ್ಟಿದವು. ಮೊದಲನೆಯದನ್ನೇ ಓದಿ ಹೇಳಲು ಹೊರಟಾಗ ತಂದೆ ತಡೆದರು: “ಇರು ಮಗಾ, ಅದು ಕಾಫಿಯದ್ದೋ ಅಡಿಕೆಯದ್ದೋ ನೋಡು.”

ನೋಡಿದರೆ ಅದು ಕಾಫಿಯದ್ದು. ಊರಿನಲ್ಲಿ ಉದುರುತ್ತಿದ್ದುದು ಅಡಿಕೆ!

ಹೆಸರು ಒಂದೇ, ರೋಗ ಎರಡು. ಕಾಫಿಯ ಕೊಳೆರೋಗದಲ್ಲಿ ಎಲೆಗಳು ಕಪ್ಪಾಗಿ, ಶಿಲೀಂಧ್ರದ ನೂಲಿನಿಂದ ರೆಂಬೆಗೆ ಜೋತು ಬೀಳುತ್ತವೆ. 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್ ಈ ಶಿಲೀಂಧ್ರಕ್ಕೆ ಹೆಸರಿಡುವಾಗ ನಮ್ಮ ‘ಕೊಳೆರೋಗ’ ಎಂಬ ಮಾತನ್ನೇ ಸೇರಿಸಿದರು. ಅಡಿಕೆಯದ್ದು ಬೇರೆ, ಅದು ಫೈಟೋಫ್ಥೋರ ಎಂಬ ರೋಗಾಣುವಿನಿಂದ ಬರುವುದು, ಕಾಯಿಯನ್ನೇ ಕೊಳೆಸಿ ಉದುರಿಸುವುದು. ಮೈಸೂರು ಕೃಷಿ ಇಲಾಖೆಯ ಡಾ. ಕೋಲ್ಮನ್ 1910ರಲ್ಲೇ ಇದರ ಬಗ್ಗೆ ಪುಸ್ತಿಕೆ ಪ್ರಕಟಿಸಿದ್ದರು. ಬೋರ್ಡೋ ದ್ರಾವಣ ಎರಡಕ್ಕೂ ಬಳಕೆಯಲ್ಲಿದೆ ನಿಜ. ಆದರೆ ಕಾಫಿಗೆ ಗಿಡದ ನಡು ಬಿಡಿಸಿ, ನೆರಳು ಹದಮಾಡಿ, ರೋಗದ ಎಲೆ ತೆಗೆಯಬೇಕು. ಅಡಿಕೆಗೆ ಕೊನೆ ಪೂರ್ತಿ ನೆನೆಯುವಂತೆ ಹೊಡೆಯಬೇಕು.

ಆದ್ದರಿಂದ ಹುಡುಕುವಾಗ ಈ ನಾಲ್ಕು ಮಾತು ನೆನಪಿಡಿ.

ಒಂದು: ಬೆಳೆಯ ಹೆಸರನ್ನು ಬಿಡಬೇಡಿ. ‘ಅಡಿಕೆ ಕೊಳೆರೋಗ’ ಎಂದು ಪೂರ್ತಿ ಬರೆಯಿರಿ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಅನುಭವ ಬೇಕಿದ್ದರೆ ‘ಮಹಾಳಿ’ ಎಂದೂ ಹುಡುಕಿ. ಎರಡು ಪದ ಒಟ್ಟಾಗಿಯೇ ಸಿಗಬೇಕಾದರೆ ಅವುಗಳ ಸುತ್ತ ಉದ್ಧರಣ ಚಿಹ್ನೆ ಹಾಕಿ.

ಎರಡು: ನಂಬುವ ಮನೆಯೊಳಗೇ ಹುಡುಕಿ. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಎಂಬ ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ಸಂಸ್ಥೆಯ ಜಾಲವಿಳಾಸ ಸೇರಿಸಿ. ಆಮೇಲೆ ಜಾಗ ಬಿಟ್ಟು ಪ್ರಶ್ನೆ ಬರೆದರೆ ಆ ಒಂದೇ ಕಡೆಯ ಉತ್ತರ ಬರುತ್ತದೆ. ಕಾಫಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಅಡಿಕೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆ, ಕೊಡಿಗೇಹಳ್ಳಿಯ ಮಗ್ಗುಲಲ್ಲೇ ಇರುವ ಜಿ.ಕೆ.ವಿ.ಕೆ. ಇಂಥವನ್ನು ಮೊದಲು ನೋಡಿ. ಬೆಳೆಗಾರರ ಹಳೆಯ ಪ್ರಶ್ನೋತ್ತರಗಳನ್ನೂ ಹೀಗೆಯೇ ಜಾಲಾಡಬಹುದು. ವಾಟ್ಸಾಪ್ ಗುಂಪಿನ ಮಾತು ಮಾತ್ರ ಗೂಗಲಿಗೆ ಸಿಗುವುದಿಲ್ಲ. ಒಳ್ಳೆಯದು ಕಂಡರೆ ಪುಸ್ತಕದಲ್ಲಿ ಬರೆದಿಡಿ.

ಮೂರು: ತಾರೀಕು ನೋಡಿ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಬಳಿಯಿರಿ ಎಂಬ ಹಳೆಯ ಸಲಹೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಅದರ ಬಳಕೆ ನಮ್ಮ ದೇಶದಲ್ಲಿ 2013ರಿಂದ ನಿಷೇಧವಾಗಿದೆ. ಗೂಗಲು ಹುಡುಕಿ ಕೊಡುತ್ತದೆಯೇ ಹೊರತು ಎಚ್ಚರಿಸುತ್ತದೆಂಬ ಭರವಸೆ ಇಲ್ಲ.

ನಾಲ್ಕು: ಅಳತೆಯನ್ನು ಎರಡು ಕಡೆ ತಾಳೆ ನೋಡಿ. ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದಕ್ಕೆ ಹೊಂದದ ಲೆಕ್ಕ ಕಂಡರೆ ತಜ್ಞರನ್ನು ಕೇಳದೆ ಮುಂದುವರಿಯಬೇಡಿ.

ಅಂದು ಮಗ ಮತ್ತೆ ಸರಿಯಾಗಿ ಹುಡುಕಿದ. ಊರಿನಲ್ಲಿ ಮಳೆ ಹೊಳವಾದ ಹೊತ್ತು ನೋಡಿ ಔಷಧಿ ಹೊಡೆಸಿದರು. ಉದುರಿದ್ದು ಉದುರಿತು, ಉಳಿದದ್ದು ಕೈಗೆ ಬಂತು. ಮೊಬೈಲ್ ಮಗನ ಕೈಯಲ್ಲಿತ್ತು, ಕೇಳಬೇಕಾದ ಪ್ರಶ್ನೆ ತಂದೆಯ ಬಳಿ ಇತ್ತು. ನಮ್ಮ ಸದಸ್ಯರ ಮನೆಗಳಲ್ಲಿ ಇವೆರಡೂ ಒಟ್ಟಿಗೆ ಕೂರಲಿ ಎಂಬುದೇ ನಮ್ಮ ಕೋರಿಕೆ.