ಮಕ್ಕಳ ಮೊಬೈಲಿನ ಕಾವಲು

ಕಾಡುಗೋಡಿಯಿಂದ ದಿನವೂ ವೈಟ್‌ಫೀಲ್ಡಿನ ಕಚೇರಿಗಳಿಗೆ ತೆರಳುವ ತಾಯಿತಂದೆಗಳು ಮಕ್ಕಳ ಮೊಬೈಲಿಗೆ ಗೂಗಲ್ಲಿನ ‘ಫ್ಯಾಮಿಲಿ ಲಿಂಕ್’ ಎಂಬ ಕಾವಲನ್ನು ಇಡುವುದುಂಟು. ಮಕ್ಕಳು ಬೆಳೆದಂತೆ ಅದನ್ನು ತೆಗೆಯುವ ಬಗೆಯನ್ನೂ ನಾವು ಅರಿತಿರಬೇಕು.

ಈ ಕಟ್ಟು ಇರುವುದು ಯಂತ್ರದಲ್ಲಲ್ಲ, ಮಗುವಿನ ಖಾತೆಯಲ್ಲಿ. ಆದಕಾರಣ ಮೊಬೈಲಿನಲ್ಲಿರುವುದೆಲ್ಲವನ್ನೂ ಅಳಿಸಿದರೂ, ಅದೇ ಖಾತೆಯೊಡನೆ ಕಟ್ಟೂ ಮರಳುವುದು. ಮಗುವಿಗೆ 13 ವರ್ಷ ತುಂಬುವ ಮುನ್ನ ಇದನ್ನು ಪೂರ್ತಿಯಾಗಿ ಬಿಡಿಸಲಾಗದು. ಅನಂತರ ಹಿರಿಯರು ತಮ್ಮ ಮೊಬೈಲಿನಿಂದಲೇ ಮೇಲ್ವಿಚಾರಣೆಯನ್ನು ನಿಲ್ಲಿಸಬಹುದು. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾನೂನು 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ.

ಆದುದರಿಂದ ಎಲ್ಲವನ್ನೂ ಒಮ್ಮೆಗೇ ಬಿಚ್ಚದೆ, ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು, ಮೊದಲು ವೇಳೆಯ ಮಿತಿಯನ್ನೂ ಆಮೇಲೆ ಆಪ್‌ಗಳ ಅನುಮತಿಯನ್ನೂ ಸಡಿಲಿಸುವುದು ಲೇಸು. ಕದ್ದು ಬಿಚ್ಚುವ ಅಗತ್ಯವೇ ಬೀಳದ ಮನೆಯಲ್ಲಿ, ಸಂಕಟ ಬಂದಾಗ ಮಗು ಮೊದಲು ಹಿರಿಯರ ಬಳಿಗೇ ಬರುವುದು.