ಕಣ್ಣಿಗೊಂದು, ಮುಖಕ್ಕೊಂದು ಪ್ರೈಮರ್ ಬೇಕೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮದುವೆಗಳ ಸುಗ್ಗಿ ಬರುವುದೇ ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ. ಬಿಸಿಲು 40 ಡಿಗ್ರಿಯ ಆಸುಪಾಸು, ಮೈಮೇಲೆ ರೇಷ್ಮೆ ಸೀರೆ, ಮುಂದೆ ಹೋಮದ ಹೊಗೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳ ರೆಪ್ಪೆಯ ಬಣ್ಣ ಮಡಿಕೆಯಲ್ಲಿ ಸೇರಿ ಗೆರೆಗಟ್ಟಿರುತ್ತದೆ. ಅದಕ್ಕೇ ಪಾರ್ಲರ್‌ಗಳಲ್ಲಿ ಈ ಮಾತು ಬರುತ್ತಲೇ ಇರುತ್ತದೆ: "ಅಕ್ಕಾ, ಮುಖಕ್ಕ ಹಚ್ಚಿದ್ದನ್ನೇ ಕಣ್ಣಿಗೂ ಹಚ್ಚಿದ್ರ ನಡೀತೈತೇನ್ರಿ?"

"ಎರಡೂ ಒಂದೇ, ಬೇರೆ ಬೇರೆ ಮಾರುವುದು ಕಂಪನಿಯವರ ಉಪಾಯ" ಎನ್ನುವವರಿದ್ದಾರೆ. "ಬೇರೆ ತೆಗೆದುಕೊಳ್ಳದಿದ್ದರೆ ಮೇಕಪ್ಪೇ ನಿಲ್ಲುವುದಿಲ್ಲ" ಎನ್ನುವವರೂ ಇದ್ದಾರೆ. ಎರಡು ಮಾತೂ ಅರ್ಧ ಮಾತ್ರ ನಿಜ.

ಪ್ರೈಮರ್ ಎಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಕಿನ್ನಾಳದ ಗೊಂಬೆ ತೋರಿಸಿಯೇ ಹೇಳಬಹುದು. ಅಲ್ಲಿನ ಚಿತ್ರಗಾರರು ಮರದ ಮೇಲೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆ ಬೀಜದ ಅಂಟು ಬೆರೆಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಮೈ ನುಣುಪಾದ ಮೇಲೆಯೇ ಕುಂಚ ಹಿಡಿಯುತ್ತಾರೆ. ಪ್ರೈಮರ್ ಮಾಡುವುದೂ ಇದನ್ನೇ: ತಗ್ಗುದಿಣ್ಣೆ ಸಮ ಮಾಡುವುದು, ಬಣ್ಣಕ್ಕೆ ಹಿಡಿತ ಕೊಡುವುದು. ಆದರೆ ಮರ ಅಲುಗಾಡುವುದಿಲ್ಲ, ಬೆವರುವುದಿಲ್ಲ. ರೆಪ್ಪೆ ಹಾಗಲ್ಲ.

ಮೈಯಲ್ಲೆಲ್ಲ ಅತ್ಯಂತ ತೆಳುವಾದ ಚರ್ಮ ರೆಪ್ಪೆಯದು, ಸುಮಾರು ಅರ್ಧ ಮಿಲಿಮೀಟರ್. ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಅದು ಮಡಚಿ ಬಿಚ್ಚುತ್ತದೆ. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಒಸರುವ ಗ್ರಂಥಿಗಳ ಸಾಲೇ ಇದೆ. ಆ ಎಣ್ಣೆ, ಆ ಬೆವರು, ಆ ಮಡಿಕೆ ಮೂರೂ ಸೇರಿ ಐಶ್ಯಾಡೋವನ್ನು ಒಂದು ಗೆರೆಗೆ ತಳ್ಳುತ್ತವೆ. ಮುಖದ ಪ್ರೈಮರ್‌ಗಳಲ್ಲಿ ಬಹಳಷ್ಟು ಡೈಮೆಥಿಕೋನ್‌ನಂಥ ಸಿಲಿಕೋನ್‌ನಿಂದ ಮಾಡಿದವು. ಅವು ಜಾರುವಷ್ಟು ನಯ, ಚರ್ಮದ ರಂಧ್ರ ತುಂಬಿ ಕೆನ್ನೆಯನ್ನು ನುಣುಪಾಗಿ ತೋರಿಸುವುದೇ ಅವುಗಳ ಕೆಲಸ. ಕಣ್ಣಿನ ಪ್ರೈಮರ್ ಸಾಮಾನ್ಯವಾಗಿ ಸ್ವಲ್ಪ ಅಂಟು, ಒಣಗಿದರೆ ಗಟ್ಟಿ ಪದರ. ಅನೇಕವುಗಳಲ್ಲಿ ಮೈಬಣ್ಣವೂ ಬೆರೆತಿರುತ್ತದೆ. ಬಣ್ಣದ ಪುಡಿಯನ್ನು ಹಿಡಿದಿಡಲೆಂದೇ ಅದನ್ನು ಹಾಗೆ ಮಾಡುತ್ತಾರೆ. ಅಂದರೆ ವ್ಯತ್ಯಾಸ ಇರುವುದು ನಿಜ. ಆದರೆ ಆ ವ್ಯತ್ಯಾಸ ಎಲ್ಲರಿಗೂ ಬೇಕಿಲ್ಲ.

ದಿನಾ ಕಾಲೇಜಿಗೋ ಆಫೀಸಿಗೋ ಹೋಗುವಾಗ ಒಂದಿಷ್ಟು ಕಾಡಿಗೆ, ತುಟಿಗೆ ಬಣ್ಣ ಹಚ್ಚುವವರಿಗೆ ಕಣ್ಣಿನ ಪ್ರೈಮರ್ ಖರ್ಚು ದಂಡ. ರೆಪ್ಪೆಗೆ ಬಣ್ಣವನ್ನೇ ಹಚ್ಚದವರು ಅದಕ್ಕೆ ತಳಪಾಯ ಯಾಕೆ ಹಾಕಬೇಕು? ಅಪರೂಪಕ್ಕೆ ಹಚ್ಚುವವರಿಗೆ ಕನ್ಸೀಲರ್ ಸಾಕು: ಕಾಣಿಸೀತೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಬೆರಳಿನಿಂದ ತಟ್ಟಿ, ಮೇಲೆ ಚಿಟಿಕೆ ಪೌಡರ್ ಒತ್ತಿದರೆ ಆಯಿತು. ದಪ್ಪಗೆ ಬಳಿದರೆ ಅದೇ ಗೆರೆಗಟ್ಟುತ್ತದೆ. ರೆಪ್ಪೆಯಲ್ಲಿ ಎಣ್ಣೆ ಹೆಚ್ಚಿರುವವರು ಮತ್ತು ಬೇಸಿಗೆಯ ಮದುಮಗಳು, ಈ ಇಬ್ಬರಿಗೆ ಮಾತ್ರ ನಾನು ಕಣ್ಣಿನ ಪ್ರೈಮರ್ ತೆಗೆದುಕೊಳ್ಳಿ ಅನ್ನುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಕ್ಯಾಮೆರಾ ಎದುರು ನಿಲ್ಲುವವಳಿಗೆ ಅದು ದುಡ್ಡಿಗೆ ತಕ್ಕ ಮಾಲು.

ಒಂದನ್ನೇ ಎರಡೂ ಕಡೆ ಹಚ್ಚುವುದಾದರೆ ಯಾವುದನ್ನು ಎಲ್ಲಿಗೆ ಎಂಬುದು ಮುಖ್ಯ. ಕಣ್ಣಿನದನ್ನು ಮುಖಕ್ಕೆ ಹಚ್ಚಿದರೆ ಅಪಾಯ ಕಡಿಮೆ, ಆದರೆ ಚಿಕ್ಕ ಟ್ಯೂಬು ಬೇಗ ಖಾಲಿ. ಯಲಬುರ್ಗಾದ ಎರೆಸೀಮೆಯಲ್ಲಿ ಚಳಿಗಾಲದ ಒಣಗಾಳಿಗೆ ಕೆನ್ನೆ ಬಿರಿಯುವವರಿಗೆ ಚರ್ಮ ಇನ್ನಷ್ಟು ಎಳೆದಂತಾಗುತ್ತದೆ. ಮುಖದ್ದನ್ನು ಕಣ್ಣಿಗೆ ಒಯ್ಯುವಾಗಲೇ ಎಚ್ಚರ ಬೇಕು. ಸುವಾಸನೆ, ಸನ್‌ಸ್ಕ್ರೀನ್ ರಾಸಾಯನಿಕ, ಮೊಡವೆಗೆಂದು ಹಾಕಿದ ಸ್ಯಾಲಿಸಿಲಿಕ್ ಆಮ್ಲ, ಮಿನುಗುವ ಪುಡಿ, ಇವುಗಳಲ್ಲಿ ಯಾವುದಿದ್ದರೂ ಬೆವರಿನ ಜೊತೆ ಕಣ್ಣಿಗಿಳಿದು ಉರಿ ತರಬಹುದು. ಇವು ಯಾವುವೂ ಇಲ್ಲದ ಸಾದಾ ಪ್ರೈಮರ್ ಆದರೆ, ಡಬ್ಬಿಯ ಮೇಲೆ ಕಣ್ಣಿನ ಸುತ್ತ ಬೇಡವೆಂದು ಬರೆದಿಲ್ಲದಿದ್ದರೆ, ಅಕ್ಕಿಕಾಳಿನಷ್ಟು ತೆಗೆದುಕೊಂಡು ರೆಪ್ಪೆಯ ಮೇಲೆ ಸವರಬಹುದು. ಬಣ್ಣ ಅಷ್ಟು ಹೊತ್ತು ನಿಲ್ಲುವುದಿಲ್ಲ, ಅಷ್ಟೇ.

"ಪ್ರೈಮರ್ ಹಚ್ಚಿದರೆ ಕಾಡಿಗೆ ಇಳಿಯುವುದಿಲ್ಲ" ಎಂಬ ನಂಬಿಕೆ ನನಗೆ ಹೆಚ್ಚು ಆತಂಕ ತರುತ್ತದೆ. ಕಣ್ಣಿನ ಒಳಅಂಚಿಗೆ ತೀಡಿದ ಕಾಡಿಗೆಯನ್ನು ತೊಳೆಯುವುದು ಕಣ್ಣೀರು. ಅಲ್ಲಿ ಯಾವ ಪ್ರೈಮರೂ ಕೆಲಸ ಮಾಡುವುದಿಲ್ಲ, ಅಲ್ಲಿಗೆ ಹಚ್ಚಲೂಬಾರದು. ಆ ಎಣ್ಣೆಗ್ರಂಥಿಗಳ ಬಾಯಿ ತೆರೆಯುವುದು ಆ ಅಂಚಿನಲ್ಲೇ.

ಪ್ರೈಮರ್ ಮೇಕಪ್ಪಿನ ರಾಸಾಯನಿಕಗಳಿಂದ ಚರ್ಮವನ್ನು ಕಾಯುತ್ತದೆ ಎಂಬುದೂ ತಪ್ಪು. ಅದು ಗುರಾಣಿಯಲ್ಲ, ಅದೂ ಒಂದು ಮೇಕಪ್ಪೇ. ಬಿಸಿಲಿಗೆ ಸನ್‌ಸ್ಕ್ರೀನ್ ಬೇರೆಯೇ ಬೇಕು, ಅದೂ ಪ್ರೈಮರ್‌ಗಿಂತ ಮೊದಲು.

ಒಂದೇ ಡಬ್ಬಿಗೆ ಹತ್ತು ಜನರ ಬೆರಳು ಹೋಗುವುದು ಎರಡು ಟ್ಯೂಬ್ ಕೊಳ್ಳದಿರುವುದಕ್ಕಿಂತ ದೊಡ್ಡ ತೊಂದರೆ. ಮದುವೆಮನೆಯಲ್ಲಿ ಮೇಕಪ್ ಮಾಡಿಸಿಕೊಳ್ಳುವಾಗ ಬ್ರಶ್ ತೊಳೆದಿದೆಯೇ ಎಂದು ಕೇಳಲು ಸಂಕೋಚ ಬೇಡ. ಡಬ್ಬಿಯಿಂದ ಚಮಚೆಯಲ್ಲಿ ತೆಗೆದು ತಟ್ಟೆಗೆ ಹಾಕಿಕೊಂಡೇ ಹಚ್ಚಲು ಹೇಳಿ. ಕಣ್ಣಿನ ಮೇಕಪ್ ಸಾಮಾನನ್ನು ತೆರೆದ ಮೂರು ತಿಂಗಳಿಗೆ ಎಸೆಯಬೇಕೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಸಲಹೆ ಕೊಡುತ್ತದೆ. ಕಣ್ಣು ಬಂದಾಗ ಹಚ್ಚಿದ್ದಾದರೆ ಅಷ್ಟು ದಿನವೂ ಕಾಯದೆ ಎಸೆಯಬೇಕು. ಹೊಸ ಪ್ರೈಮರ್ ಆದರೆ ಮದುವೆಯ ದಿನವೇ ಮೊದಲ ಸಲ ಹಚ್ಚಬೇಡಿ. ಒಂದು ವಾರ ಮೊದಲೇ ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದೆಯೋ ಎಂದು ಎರಡು ದಿನ ನೋಡಿ.